ಸೆರಗು ಅನ್ನೋ ಪದದ ಹಿಂದೆ: ಓಲ್ಡ್ ರಾಜಿಂದರ್ ನಗರದ ಒಂದು ರೂಮಿನಿಂದ ಶುರುವಾದ ಇತಿಹಾಸ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ, ಆಫೀಸ್ ಕ್ಯಾಬ್‌ನಲ್ಲಿ ಇಯರ್‌ಫೋನ್ ಮರೆತು ಬಂದವರಿಗೆ, ಯಾವತ್ತಿನ ಹಾಗೆ ಈ ಸಲದ ಮಾತಿನ ಬರಹ ರೂಪ ಇಲ್ಲಿದೆ. ಈ ಕಂತನ್ನ ಮಾಡಬೇಕೋ ಬೇಡವೋ ಅಂತ ನಾನು ತುಂಬಾ ದಿನ ಯೋಚನೆ ಮಾಡಿದೆ. ನಮ್ಮ ಚಾನೆಲ್‌ನಲ್ಲಿ ಕೋಟೆ, ಕೆರೆ, ಶಾಸನ ಅಂತ ಮಾತಾಡಿದ್ದೀವಿ. ಇವತ್ತಿನ ವಿಷಯ ಹೆಂಗಸರ ಬಿಳಿಸೆರಗು. ಬಿಳಿ ಮುಟ್ಟು, ಬಿಳುಪು ಹೋಗೋದು, ವೈಟ್ ಡಿಸ್ಚಾರ್ಜ್, ದಿಲ್ಲಿಯಲ್ಲಾದರೆ ಸಫೇದ್ ಪಾನಿ. ಯಾವ ಹೆಸರಿಂದ ಕರೆದರೂ ದನಿ ತಗ್ಗಿಸಿಯೇ ಕರೀತೀವಿ. ಇದಕ್ಕೂ ಒಂದು ಇತಿಹಾಸ ಇದೆ, ಮತ್ತೆ ಆ ಇತಿಹಾಸ ಗೊತ್ತಿಲ್ಲದೆ ಹೋದರೆ ಆಗೋ ನಷ್ಟ ಸಣ್ಣದಲ್ಲ. ಗಂಡಸರೂ ಓದಿ. ನಿಮ್ಮ ಮನೆಯಲ್ಲೂ ಅಕ್ಕ, ತಂಗಿ, ಹೆಂಡತಿ, ಅಮ್ಮ ಇದ್ದಾರೆ.

ಒಂದು ಫೋನು

ನಾನು ಹಾಸನದ ಕಡೆಯವಳು, ಕೆಲಸ ನೋಯ್ಡಾ ಸೆಕ್ಟರ್ 62ರಲ್ಲಿ. ನನ್ನ ತಂಗಿ ಯುಪಿಎಸ್‌ಸಿ ಓದೋಕೆ ಅಂತ ದಿಲ್ಲಿಗೆ ಬಂದು ಓಲ್ಡ್ ರಾಜಿಂದರ್ ನಗರದಲ್ಲಿ ಪಿ.ಜಿ. ಹಿಡಿದಿದ್ದಳು. ಆ ಏರಿಯಾ ನೋಡಿದವರಿಗೆ ಗೊತ್ತು: ಕಂಬದಿಂದ ಕಂಬಕ್ಕೆ ಟಾಪರ್‌ಗಳ ಫೋಟೋ, ಜೆರಾಕ್ಸ್ ಅಂಗಡಿ, ಚಹಾ ಅಂಗಡಿ, ಒಂದು ದೊಡ್ಡ ರೂಮಿಗೆ ಪ್ಲೈವುಡ್ ಅಡ್ಡ ಕೊಟ್ಟು ಮಾಡಿದ ಮೂರು ರೂಮು. ಅವಳ ಪಾಲಿನ ಗೂಡಿಗೆ ಕಿಟಕಿ ಇರಲಿಲ್ಲ. ಆಗಸ್ಟ್ ತಿಂಗಳ ಸೆಕೆಯಲ್ಲಿ ಒಗೆದ ಬಟ್ಟೆ ಮೂರು ದಿನ ಆದರೂ ಒಣಗುತ್ತಿರಲಿಲ್ಲ.

ಒಂದು ರಾತ್ರಿ ಫೋನ್ ಬಂತು. "ಅಕ್ಕಾ, ಒಂದು ವಿಷ್ಯ ಹೇಳ್ಬೇಕು. ಬೈಬೇಡ. ಅಪ್ಪಂಗೆ ಹೇಳ್ಬೇಡ."

ಎರಡು ತಿಂಗಳಿಂದ ಅವಳಿಗೆ ಬಿಳುಪು ಹೋಗುತ್ತಿತ್ತು. ಮೊಸರು ಒಡೆದ ಹಾಗೆ, ಜೊತೆಗೆ ತಡೆಯೋಕಾಗದ ತುರಿಕೆ, ಉರಿ. ಲೈಬ್ರರಿಯಲ್ಲಿ ಎಂಟು ಗಂಟೆ ಕೂರೋದು ಬಿಟ್ಟೇಬಿಟ್ಟಿದ್ದಳು. ಮೆಡಿಕಲ್ ಶಾಪ್‌ನಲ್ಲಿ ಹೇಳಿದರೆ ಅವನು ತಲೆ ಎತ್ತದೆ ಒಂದು ಸ್ಟ್ರಿಪ್ ಮಾತ್ರೆ ಪೇಪರ್‌ನಲ್ಲಿ ಸುತ್ತಿ ಕೊಟ್ಟಿದ್ದ. ನಾಲ್ಕು ದಿನ ಕಮ್ಮಿ ಆಯ್ತು, ಮತ್ತೆ ಬಂತು. ಹೀಗೆ ಮೂರು ಸಲ. ಅಮ್ಮನಿಗೆ ಸುತ್ತಿ ಬಳಸಿ ಹೇಳಿದ್ದಕ್ಕೆ, "ಉಷ್ಣ ಆಗಿರುತ್ತೆ ಕಣೇ, ರಾತ್ರಿ ನಿದ್ದೆಗೆಡ್ತೀಯ, ಮೆಂತ್ಯ ನೆನೆಸಿ ತಿನ್ನು, ಎಳನೀರು ಕುಡಿ" ಅಂದಿದ್ದರು. ಅಪ್ಪನಿಗೆ ಗೊತ್ತಾದರೆ "ಸಾಕು ಓದಿದ್ದು, ಊರಿಗೆ ಬಾ" ಅಂತಾರೆ, ಆಮೇಲೆ ಗಂಡು ನೋಡೋಕೆ ಶುರು ಮಾಡ್ತಾರೆ ಅನ್ನೋ ಭಯ. ತುರಿಕೆಗಿಂತ ಆ ಭಯವೇ ಅವಳ ಬಾಯಿ ಕಟ್ಟಿತ್ತು.

ಮಾರನೇ ದಿನ ರಜೆ ಹಾಕಿ ಬ್ಲೂ ಲೈನ್ ಮೆಟ್ರೋ ಹತ್ತಿ ಕರೋಲ್ ಬಾಗ್‌ನಲ್ಲಿ ಇಳಿದೆ. ದಾರಿ ಪೂರ್ತಿ ನನ್ನ ತಲೆಯಲ್ಲಿದ್ದದ್ದು ತಂಗಿ ಅಲ್ಲ, ನಮ್ಮ ಅತ್ತೆ. ಅದನ್ನ ಕೊನೆಗೆ ಹೇಳ್ತೀನಿ.

ಒಬ್ಬ ಇಂಜಿನಿಯರ್ ಮತ್ತು ಒಂದು ಬಡಾವಣೆ

ಓಲ್ಡ್ ರಾಜಿಂದರ್ ನಗರ ಮೊದಲು ಕೋಚಿಂಗ್ ಊರಲ್ಲ. 1947ರಲ್ಲಿ ದೇಶ ಒಡೆದಾಗ ಪಶ್ಚಿಮ ಪಂಜಾಬಿನಿಂದ ಎಲ್ಲವನ್ನೂ ಬಿಟ್ಟು ಬಂದ ನಿರಾಶ್ರಿತರಿಗಾಗಿ ಕಟ್ಟಿದ ಬಡಾವಣೆ. ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಅವರ ಹೆಸರೇ ಇದಕ್ಕೆ. ಇದರ ಪಕ್ಕದಲ್ಲೇ ಸರ್ ಗಂಗಾ ರಾಮ್ ಆಸ್ಪತ್ರೆ ಇದೆ. ಗಂಗಾ ರಾಮ್ ನಮ್ಮಂಥ ಇಂಜಿನಿಯರ್, ಲಾಹೋರಿನವರು. ವಿಧವೆಯರಿಗೆ ಆಶ್ರಯ ಕಟ್ಟಿದವರು. 1921ರಲ್ಲಿ ಲಾಹೋರಿನಲ್ಲಿ ಆಸ್ಪತ್ರೆ ಶುರು ಮಾಡಿದರು, 1927ರಲ್ಲಿ ತೀರಿಕೊಂಡರು. ದೇಶ ಇಬ್ಭಾಗ ಆದಮೇಲೆ ಅದೇ ಹೆಸರಿನಲ್ಲಿ ದಿಲ್ಲಿಯಲ್ಲಿ 1951ರಲ್ಲಿ ನೆಹರೂ ಅಡಿಗಲ್ಲು ಹಾಕಿ, 1954ರಲ್ಲಿ ಆಸ್ಪತ್ರೆ ಶುರುವಾಯಿತು. ಲಾಹೋರಿನದ್ದೂ ಇವತ್ತಿಗೂ ಅದೇ ಹೆಸರಿನಲ್ಲಿ ನಡೀತಿದೆ. ಗಡಿ ಎರಡೂ ಕಡೆ ಒಂದೇ ಹೆಸರಿನ ಆಸ್ಪತ್ರೆ!

ಇದನ್ನ ಯಾಕೆ ಹೇಳಿದೆ ಅಂದರೆ, ನನ್ನ ತಂಗಿಯ ಪಿ.ಜಿ.ಯಿಂದ ದೊಡ್ಡ ಆಸ್ಪತ್ರೆಗೆ ನಡೆದು ಹೋಗಬಹುದಿತ್ತು. ಡಾಕ್ಟರ್ ದೂರ ಇರಲಿಲ್ಲ. ಅಡ್ಡ ಇದ್ದದ್ದು ನಾಚಿಕೆ. ಈ ನಾಚಿಕೆ ಎಲ್ಲಿಂದ ಬಂತು ಅನ್ನೋದೇ ಇವತ್ತಿನ ಕತೆ.

ಧಾತು ಸೋರುತ್ತದೆ ಅನ್ನೋ ಹೆದರಿಕೆ

ನಮ್ಮ ಹಳೆಯ ವೈದ್ಯರು ಈ ವಿಷಯದಲ್ಲಿ ಮುಖ ತಿರುಗಿಸಿದವರಲ್ಲ. ಚರಕ ಸಂಹಿತೆ 20 ಬಗೆಯ ಯೋನಿವ್ಯಾಪತ್ತುಗಳನ್ನು, ಅಂದರೆ ಸ್ತ್ರೀಯರ ಜನನಾಂಗದ ತೊಂದರೆಗಳನ್ನು, ಲೆಕ್ಕ ಹಾಕಿ ಹೇಳುತ್ತದೆ. ಶ್ವೇತಪ್ರದರ ಅನ್ನೋ ಪದ ನಮ್ಮ ಆಯುರ್ವೇದದ ಅಂಗಡಿಗಳಲ್ಲಿ ಇವತ್ತಿಗೂ ಬಾಟಲಿ ಮೇಲೆ ಕಾಣುತ್ತದೆ. ಆದರೆ ಜನರ ಬಾಯಲ್ಲಿ ಉಳಿದದ್ದು ಬೇರೆ: ದೇಹದ ಸಾರ, ಧಾತು, ಸೋರಿಹೋಗುತ್ತಿದೆ, ಮೂಳೆ ಕರಗುತ್ತಿದೆ, ಅದಕ್ಕೇ ಸೊಂಟ ನೋವು, ಸುಸ್ತು ಅನ್ನೋ ನಂಬಿಕೆ. ಗಂಡಸರಿಗೂ ಇದೇ ಹೆದರಿಕೆಯ ಇನ್ನೊಂದು ರೂಪ ಇದೆ. ರೈಲಿನಲ್ಲಿ ದಿಲ್ಲಿಗೆ ಬರೋವಾಗ ಗೋಡೆ ಗೋಡೆಗಳ ಮೇಲೆ ಗುಪ್ತರೋಗದ ಜಾಹೀರಾತು ಓದಿಲ್ಲದವರು ಯಾರು ಹೇಳಿ.

ಮೂಳೆ ಕರಗಲ್ಲ. ವಿಜ್ಞಾನ ಹೇಳೋದಿಷ್ಟು: ವಯಸ್ಸಿಗೆ ಬಂದ ಎಲ್ಲಾ ಹೆಣ್ಣುಮಕ್ಕಳಲ್ಲೂ ಸ್ವಲ್ಪ ಸ್ರಾವ ಇದ್ದೇ ಇರುತ್ತದೆ. ನೀರಿನ ಹಾಗೆ ಅಥವಾ ಹಾಲಿನ ಬಿಳುಪು, ದುರ್ವಾಸನೆ ಇಲ್ಲ, ತುರಿಕೆ ಇಲ್ಲ. ತಿಂಗಳ ನಡುವೆ, ಅಂಡ ಬಿಡುಗಡೆ ಆಗೋ ಹೊತ್ತಿಗೆ, ಮೊಟ್ಟೆಯ ಬಿಳಿಯ ಹಾಗೆ ಎಳೆ ಎಳೆಯಾಗಿ ಹೆಚ್ಚಾಗುತ್ತದೆ. ಬಸುರಿಯಾದಾಗಲೂ ಹೆಚ್ಚು. ಒಳಉಡುಪಿನ ಮೇಲೆ ಒಣಗಿದರೆ ತೆಳು ಹಳದಿ ಕಾಣಬಹುದು. ಇದು ಕಾಯಿಲೆ ಅಲ್ಲ, ಕಣ್ಣಿಗೆ ಕಣ್ಣೀರು ಇದ್ದ ಹಾಗೆ.

ಇದನ್ನ ಕಂಡುಹಿಡಿದ ಕತೆ ಚೆನ್ನಾಗಿದೆ. 1892ರಲ್ಲಿ ಆಲ್ಬರ್ಟ್ ಡೋಡರ್‌ಲೈನ್ ಅನ್ನೋ ಜರ್ಮನ್ ವೈದ್ಯ ಆರೋಗ್ಯವಂತ ಹೆಂಗಸರ ಸ್ರಾವದಲ್ಲೇ ಕಡ್ಡಿಯಂಥ ಬ್ಯಾಕ್ಟೀರಿಯಾ ಇರೋದನ್ನ ವಿವರಿಸಿದ. ಅವು ಲ್ಯಾಕ್ಟಿಕ್ ಆಮ್ಲ ತಯಾರಿಸುತ್ತವೆ. ಹಾಲನ್ನ ಮೊಸರು ಮಾಡೋ ಬ್ಯಾಕ್ಟೀರಿಯಾಗಳ ನೆಂಟರೇ ಇವು. ಅದರಿಂದ ಯೋನಿಯ ಪಿ.ಎಚ್. ಸುಮಾರು 3.8ರಿಂದ 4.5ರ ನಡುವೆ ಹುಳಿಯಾಗಿಯೇ ಇರುತ್ತದೆ, ಬೇರೆ ರೋಗಾಣುಗಳಿಗೆ ಜಾಗ ಸಿಗಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಇದು ದೇಹದ ಫೈರ್‌ವಾಲ್. ಸೋಪು, ಡೆಟಾಲು, ಪರಿಮಳದ ಇಂಟಿಮೇಟ್ ವಾಶ್ ಹಾಕಿ ಒಳಗೆ ತೊಳೆಯೋದು ಅಂದರೆ ಆ ಫೈರ್‌ವಾಲನ್ನ ನಾವೇ ಆಫ್ ಮಾಡಿದ ಹಾಗೆ. ಹೊರಗೆ ಬರೀ ನೀರು ಸಾಕು. ಒಳಗೆ ಏನೂ ಬೇಡ.

ನೋಡುವವರು ಯಾರು?

ಇನ್ನು ಕಾಯಿಲೆಯ ಇತಿಹಾಸ. 1836ರಲ್ಲಿ ಪ್ಯಾರಿಸ್‌ನಲ್ಲಿ ಆಲ್‌ಫ್ರೆಡ್ ದಾನೆ ಅನ್ನೋ ವೈದ್ಯ ಸ್ರಾವವನ್ನ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಾಗ ಬಾಲ ಬೀಸಿ ಓಡಾಡೋ ಜೀವಿ ಕಂಡಿತು. ಅದೇ ಟ್ರೈಕೊಮೊನಾಸ್. ಹಳದಿ ಹಸಿರು, ನೊರೆನೊರೆಯ ಸ್ರಾವಕ್ಕೆ ಕಾರಣ. ದೇಹ ಸಂಬಂಧದಿಂದ ಹರಡುತ್ತದೆ, ಹಾಗಾಗಿ ಗಂಡ ಹೆಂಡತಿ ಇಬ್ಬರೂ ಮಾತ್ರೆ ತಗೋಬೇಕು. ಹೆಂಡತಿ ಒಬ್ಬಳೇ ತಗೊಂಡರೆ ಪಿಂಗ್ ಪಾಂಗ್ ಆಟ.

1955ರಲ್ಲಿ ಅಮೆರಿಕದ ಗಾರ್ಡ್‌ನರ್ ಮತ್ತು ಡ್ಯೂಕ್ಸ್ ಇನ್ನೊಂದು ಬಗೆಯನ್ನ ಬೇರೆ ಮಾಡಿ ತೋರಿಸಿದರು. ಬೂದು ಬಿಳುಪಿನ ತೆಳು ಸ್ರಾವ, ಮೀನಿನ ವಾಸನೆ. ಇವತ್ತು ಬ್ಯಾಕ್ಟೀರಿಯಲ್ ವಜೈನೋಸಿಸ್ ಅಂತೀವಿ. ಒಳ್ಳೆಯ ಬ್ಯಾಕ್ಟೀರಿಯಾ ಕಡಿಮೆಯಾಗಿ ಬೇರೆಯವು ತುಂಬಿಕೊಂಡ ಸ್ಥಿತಿ. 1983ರಲ್ಲಿ ಆಮ್ಸೆಲ್ ಮತ್ತು ಜೊತೆಗಾರರು ಪತ್ತೆಗೆ ನಾಲ್ಕು ಗುರುತು ಕೊಟ್ಟರು: ಸ್ರಾವದ ನೋಟ, 4.5ಕ್ಕಿಂತ ಹೆಚ್ಚಿನ ಪಿ.ಎಚ್., ಒಂದು ಹನಿ ಕ್ಷಾರ ಹಾಕಿದಾಗ ಏಳುವ ವಾಸನೆ, ಸೂಕ್ಷ್ಮದರ್ಶಕದಲ್ಲಿ ಬ್ಯಾಕ್ಟೀರಿಯಾ ಮೆತ್ತಿಕೊಂಡ ಜೀವಕೋಶ. ನಾಲ್ಕರಲ್ಲಿ ಮೂರು ಇದ್ದರೆ ಪತ್ತೆ. ದೊಡ್ಡ ಯಂತ್ರ ಬೇಕಿಲ್ಲ, ಒಂದು ಪಟ್ಟಿ ಕಾಗದ, ಒಂದು ಗಾಜಿನ ಸ್ಲೈಡು ಸಾಕು.

ಮೂರನೆಯದು ನನ್ನ ತಂಗಿಗೆ ಬಂದದ್ದು: ಕ್ಯಾಂಡಿಡಾ ಅನ್ನೋ ಶಿಲೀಂಧ್ರ. ಇದರ ಔಷಧಿಯ ಕತೆ ವರ್ಕ್ ಫ್ರಮ್ ಹೋಮ್ ಮಾಡೋರಿಗೆ ಇಷ್ಟ ಆಗುತ್ತೆ. ನ್ಯೂಯಾರ್ಕ್ ನಗರದಲ್ಲಿ ಎಲಿಜಬೆತ್ ಹೇಜನ್, ಆಲ್ಬನಿಯಲ್ಲಿ ರೇಚಲ್ ಬ್ರೌನ್. ಇಬ್ಬರು ಹೆಂಗಸರು ಎರಡು ಊರಲ್ಲಿ ಕೂತು ಮಣ್ಣಿನ ಮಾದರಿಗಳನ್ನ ಅಂಚೆಯಲ್ಲಿ ಕಳಿಸಿಕೊಂಡು ಕೆಲಸ ಮಾಡಿದರು. ವರ್ಜೀನಿಯಾದ ಗೆಳೆಯರ ಹೈನುಗಾರಿಕೆ ತೋಟದ ಮಣ್ಣಲ್ಲಿ ಸಿಕ್ಕ ಸೂಕ್ಷ್ಮಜೀವಿಯಿಂದ 1950ರಲ್ಲಿ ನಿಸ್ಟಾಟಿನ್ ಬಂತು. ಮನುಷ್ಯರಿಗೆ ಕೊಡಬಹುದಾದ ಮೊದಲ ಶಿಲೀಂಧ್ರ ನಿರೋಧಕ ಆಂಟಿಬಯಾಟಿಕ್ ಅದು. ಬಂದ ರಾಯಲ್ಟಿಯನ್ನ ಸಂಶೋಧನೆಗೇ ಕೊಟ್ಟುಬಿಟ್ಟರು.

ಆದರೆ ಎಲ್ಲಾ ಕತೆಯೂ ಇಷ್ಟು ಚೆಂದ ಅಲ್ಲ. ಒಳಗೆ ನೋಡೋಕೆ ಡಾಕ್ಟರ್ ಬಳಸೋ ಸ್ಪೆಕ್ಯುಲಮ್ ಇದೆಯಲ್ಲ, ಅದರ ಒಂದು ರೂಪ ಮಾಡಿದ ಮೇರಿಯನ್ ಸಿಮ್ಸ್ 1840ರ ದಶಕದಲ್ಲಿ ಅಮೆರಿಕದ ಅಲಬಾಮಾದಲ್ಲಿ ಗುಲಾಮ ಹೆಂಗಸರ ಮೇಲೆ ಅರಿವಳಿಕೆ ಇಲ್ಲದೆ ಶಸ್ತ್ರಚಿಕಿತ್ಸೆ ಕಲಿತವನು. ಅನಾರ್ಕಾ, ಬೆಟ್ಸಿ, ಲೂಸಿ ಅನ್ನೋ ಮೂರು ಹೆಸರು ಮಾತ್ರ ಉಳಿದಿವೆ. 2018ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಿಂದ ಅವನ ಪ್ರತಿಮೆ ತೆಗೆದರು. ನಮ್ಮ ದೇಶದಲ್ಲಿ ಬ್ರಿಟಿಷರು 1868ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದು, ಸೈನಿಕರಿಗೆ ರೋಗ ಹತ್ತಬಾರದು ಅಂತ ವೇಶ್ಯೆಯರನ್ನ ಬಲವಂತವಾಗಿ ಪರೀಕ್ಷೆಗೆ ಒಳಪಡಿಸಿದರು. 1888ರವರೆಗೂ ಅದು ಜಾರಿಯಲ್ಲಿತ್ತು. ಅಂದರೆ ಆ ಹೆಂಗಸರ ಪಾಲಿಗೆ ಈ ಪರೀಕ್ಷೆ ಆರೈಕೆಯಾಗಿ ಅಲ್ಲ, ಬಲವಂತವಾಗಿ ಬಂತು. 'ಅಂಥವರಿಗೆ' ಮಾತ್ರ ಆಗೋ ಪರೀಕ್ಷೆ ಅನ್ನೋ ಭಾವನೆಯ ಒಂದು ಬೇರು ಅಲ್ಲಿದೆ ಅಂತ ನನಗನ್ನಿಸುತ್ತೆ.

ಇನ್ನೊಂದು ಕಡೆ 1885ರಲ್ಲಿ ಡಫರಿನ್ ನಿಧಿ ಶುರುವಾಗಿ ಹೆಂಗಸರಿಗೆ ಹೆಂಗಸರೇ ವೈದ್ಯರಾಗಿ ಸಿಗುವ ವ್ಯವಸ್ಥೆ ಬೆಳೆಯಿತು. ದಿಲ್ಲಿಯಲ್ಲಿ 1916ರಲ್ಲಿ ಲೇಡಿ ಹಾರ್ಡಿಂಜ್ ಮೆಡಿಕಲ್ ಕಾಲೇಜು ಬಂತು. ನಮ್ಮ ಮೈಸೂರು ಸಂಸ್ಥಾನವಂತೂ 1930ರಲ್ಲೇ ಸರ್ಕಾರಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯೋ ಧೈರ್ಯ ಮಾಡಿತು. ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆ 1935ರದ್ದು.

ಕನ್ನಡದಲ್ಲಿ ಈ ಮಾತನ್ನ ಮನೆಯೊಳಗೆ ತಂದವರಲ್ಲಿ ದೊಡ್ಡ ಹೆಸರು ಡಾ. ಅನುಪಮಾ ನಿರಂಜನ. 1934ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿ, ವೈದ್ಯೆಯಾಗಿ, ಕಾದಂಬರಿಕಾರ್ತಿಯಾಗಿ, 'ಕೇಳು ಕಿಶೋರಿ', 'ವಧುವಿಗೆ ಕಿವಿಮಾತು', 'ದಾಂಪತ್ಯ ದೀಪಿಕೆ' ಥರದ ಪುಸ್ತಕ ಬರೆದರು. ಎಷ್ಟೋ ಮನೆಗಳಲ್ಲಿ ಆ ಪುಸ್ತಕಗಳು ಬೀರುವಿನಲ್ಲಿ ಸೀರೆ ಮಡಿಕೆಯ ಕೆಳಗೆ ಇರುತ್ತಿದ್ದವು. ನಮ್ಮ ಮನೆಯಲ್ಲೂ ಇತ್ತು. ಅಮ್ಮ ಓದಿದ್ದರು. ನಮಗೆ ಕೊಡೋದನ್ನ ಮಾತ್ರ ಮರೆತಿದ್ದರು.

ಎಣಿಸಿದಾಗ ಕಂಡದ್ದು

1989ರಲ್ಲಿ ಡಾ. ರಾಣಿ ಬಂಗ್ ಮತ್ತು ಜೊತೆಗಾರರು ಮಹಾರಾಷ್ಟ್ರದ ಗಡಚಿರೋಲಿಯ ಎರಡು ಹಳ್ಳಿಗಳ 650 ಹೆಂಗಸರನ್ನ ಪರೀಕ್ಷಿಸಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು. ನೂರಕ್ಕೆ 92 ಜನರಿಗೆ ಒಂದಲ್ಲ ಒಂದು ಸ್ತ್ರೀರೋಗ ಇತ್ತು. ಅದಕ್ಕೆ ಮೊದಲು ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ 8 ಜನ ಮಾತ್ರ. ಜಗತ್ತಿನ ಆರೋಗ್ಯ ಯೋಜನೆಗಳೇ ಆ ಲೇಖನದಿಂದ ಬೆಚ್ಚಿದವು. 1995ರಲ್ಲಿ ಭಾಟಿಯಾ ಮತ್ತು ಕ್ಲೆಲ್ಯಾಂಡ್ ನಮ್ಮ ಕರ್ನಾಟಕದ 3,600 ತಾಯಂದಿರ ಮಾತು ಕೇಳಿ ಬರೆದಾಗ, ಸುಮಾರು ಮೂರರಲ್ಲಿ ಒಬ್ಬರು ಏನಾದರೊಂದು ತೊಂದರೆ ಹೇಳಿದ್ದರು. ಸುಸ್ತು, ಮುಟ್ಟಿನ ಏರುಪೇರು, ಬಿಳಿಸೆರಗು ಆ ಪಟ್ಟಿಯಲ್ಲಿ ಮುಂದಿದ್ದವು.

ಆದರೆ ಇನ್ನೊಂದು ಮುಖವೂ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಸಂತೋಷ್ ಚತುರ್ವೇದಿ ಮತ್ತು ಜೊತೆಗಾರರು 1993ರಲ್ಲಿ ಬರೆದದ್ದು: ಸೋಂಕೇ ಇಲ್ಲದ, ಸಹಜ ಸ್ರಾವವನ್ನೇ ಕಾರಣ ಮಾಡಿಕೊಂಡು ಸುಸ್ತು, ಮೈಕೈ ನೋವು ಅಂತ ನರಳೋ ಹೆಂಗಸರಿದ್ದಾರೆ. 2005ರಲ್ಲಿ ವಿಕ್ರಮ್ ಪಟೇಲ್ ತಂಡ ಗೋವಾದಲ್ಲಿ ಸುಮಾರು 2,500 ಹೆಂಗಸರನ್ನ ಕೇಳಿದಾಗಲೂ, ಬಿಳಿಸೆರಗಿನ ದೂರಿಗೆ ಮನಸ್ಸಿನ ಒತ್ತಡದ ಜೊತೆ ಗಟ್ಟಿ ನಂಟು ಕಂಡಿತು. ಹಾಗಂತ 'ಎಲ್ಲಾ ನಿನ್ನ ತಲೆಯಲ್ಲೇ' ಅಂತಲ್ಲ. 'ನಂಗೆ ತುಂಬಾ ಕಷ್ಟ ಆಗ್ತಿದೆ' ಅನ್ನೋಕೆ ಮನೆಯಲ್ಲಿ ಜಾಗ ಇಲ್ಲದವಳು 'ಬಿಳುಪು ಹೋಗ್ತಿದೆ' ಅಂತಾಳೆ. ಅದನ್ನೂ ಯಾರಾದರೂ ಕೂತು ಕೇಳಬೇಕು.

ಹಾಗಾಗಿ ಇತಿಹಾಸದಲ್ಲಿ ಮೂರು ತಪ್ಪು ಮತ್ತೆ ಮತ್ತೆ ಆಗಿವೆ. ಸಹಜವಾದದ್ದನ್ನ ಕಾಯಿಲೆ ಅನ್ನೋದು. ಕಾಯಿಲೆಯನ್ನ ಸಹಜ ಅನ್ನೋದು. ನೋಡದೆ ಔಷಧಿ ಕೊಡೋದು. ಮೂರನೆಯದಕ್ಕೂ ಒಂದು ಹಿನ್ನೆಲೆ ಇದೆ. ಲ್ಯಾಬ್ ಇಲ್ಲದ ಕಡೆ ಲಕ್ಷಣ ನೋಡಿಯೇ ಚಿಕಿತ್ಸೆ ಕೊಡೋ ಪದ್ಧತಿ ಬಂತು. ನಮ್ಮ ಸರ್ಕಾರಿ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಬಣ್ಣಬಣ್ಣದ ಕಿಟ್‌ಗಳಿವೆ, ಯೋನಿಸ್ರಾವಕ್ಕೆ ಹಸಿರು ಬಣ್ಣದ 2ನೇ ಕಿಟ್. ಅಲ್ಲಿ ತರಬೇತಿ ಪಡೆದವರು ಕೇಳಿ, ಪರೀಕ್ಷಿಸಿ ಕೊಡ್ತಾರೆ. ಮೆಡಿಕಲ್ ಶಾಪ್ ಹುಡುಗ ಪೇಪರ್‌ನಲ್ಲಿ ಸುತ್ತಿ ಕೊಡೋದು ಆ ಪದ್ಧತಿ ಅಲ್ಲ.

ಹತ್ತು ನಿಮಿಷ

ತಂಗಿಯನ್ನ ಒಬ್ಬ ಲೇಡಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಅವರು ಮೊದಲು ನನ್ನನ್ನ ಹೊರಗೆ ಕಳಿಸಿದರು, ಅವಳೊಬ್ಬಳ ಜೊತೆ ಮಾತಾಡಿದರು. ಆಮೇಲೆ ತಂಗಿ ಹೇಳಿದ್ದು: ಏನು ಮಾಡ್ತೀನಿ ಅಂತ ಮೊದಲೇ ಹೇಳಿ, 'ಬೇಡ ಅಂದರೆ ನಿಲ್ಲಿಸ್ತೀನಿ' ಅಂದರಂತೆ. ನರ್ಸ್ ಪಕ್ಕದಲ್ಲಿದ್ದರು. ಸ್ಪೆಕ್ಯುಲಮ್ ಬಳಸಲಿಲ್ಲ, ಹತ್ತಿಕಡ್ಡಿಯಿಂದ ಮಾದರಿ ತೆಗೆದರು, ಪಿ.ಎಚ್. ನೋಡಿದರು, ಸ್ಲೈಡ್ ಲ್ಯಾಬ್‌ಗೆ ಹೋಯಿತು. ಹತ್ತು ನಿಮಿಷ. ಕ್ಯಾಂಡಿಡಾ. ಎರಡು ತಿಂಗಳ ಹಿಂದೆ ಗಂಟಲುನೋವಿಗೆ ನುಂಗಿದ್ದ ಆಂಟಿಬಯಾಟಿಕ್ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕಮ್ಮಿ ಮಾಡಿರಬಹುದು ಅಂದರು. ಮೆಡಿಕಲ್ ಶಾಪ್‌ನ ಸ್ಟ್ರಿಪ್‌ನಲ್ಲಿ ಇನ್ನಷ್ಟು ಆಂಟಿಬಯಾಟಿಕ್ ಇತ್ತು! ಪದೇ ಪದೇ ಬಂದದ್ದರಿಂದ ಶುಗರ್ ಟೆಸ್ಟ್ ಮಾಡಿಸಿದರು, ನಾರ್ಮಲ್ ಬಂತು. ಸರಿಯಾದ ಔಷಧಿ, ಹತ್ತಿ ಒಳಉಡುಪು, ಪೂರ್ತಿ ಒಣಗಿದ ಬಟ್ಟೆ. ವಾರದೊಳಗೆ ಅವಳು ಲೈಬ್ರರಿಯಲ್ಲಿ ತನ್ನ ಸೀಟಿಗೆ ವಾಪಸ್ ಹೋದಳು.

ಯಾವಾಗ ಡಾಕ್ಟರ್ ಹತ್ತಿರ ಹೋಗಬೇಕು?

ಬಣ್ಣ, ವಾಸನೆ, ಪ್ರಮಾಣ ನಿಮ್ಮ ಎಂದಿನಂತಿಲ್ಲದೆ ಬದಲಾದರೆ ಹೋಗಿ. ಹಳದಿ, ಹಸಿರು, ಬೂದು ಬಣ್ಣ, ಮೀನಿನ ವಾಸನೆ, ಮೊಸರಿನಂಥ ಗಡ್ಡೆ, ತುರಿಕೆ, ಉರಿ, ಹುಣ್ಣು ಇದ್ದರೆ ಹೋಗಿ. ಬಸುರಿಯಾಗಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ ಕಾಯಬೇಡಿ. ವರ್ಷದಲ್ಲಿ ಮೂರು ನಾಲ್ಕು ಸಲ ಬಂದರೆ ಅಂಗಡಿ ಮಾತ್ರೆ ನಿಲ್ಲಿಸಿ ಪರೀಕ್ಷೆ ಮಾಡಿಸಿ. ಹೊಸ ಸಂಬಂಧ ಆದಮೇಲೆ ಅಥವಾ ಸಂಗಾತಿಗೂ ತೊಂದರೆ ಇದ್ದರೆ ಇಬ್ಬರೂ ಹೋಗಿ. ಇನ್ನೂ ವಯಸ್ಸಿಗೆ ಬಾರದ ಮಗುವಿಗೆ ಸ್ರಾವ ಕಂಡರೆ, ಮಗುವನ್ನ ಗದರಿಸದೆ ಡಾಕ್ಟರಿಗೆ ತೋರಿಸಿ.

ಅವತ್ತೇ ಹೋಗಬೇಕಾದದ್ದು: ಸ್ರಾವದ ಜೊತೆ ಜ್ವರ, ಕೆಳಹೊಟ್ಟೆ ನೋವು, ವಾಂತಿ ಇದ್ದರೆ. ಸೋಂಕು ಗರ್ಭಕೋಶ, ನಾಳಗಳಿಗೆ ಏರಿರಬಹುದು. ತಡಮಾಡಿದರೆ ಮುಂದೆ ಮಕ್ಕಳಾಗೋದಕ್ಕೂ ತೊಂದರೆ. ಬಸುರಿಗೆ ನೀರು ಸೋರಿದ ಹಾಗಾದರೆ, ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ.

ಕೊನೆಯದು: ಮುಟ್ಟಿನ ನಡುವೆ, ಸಂಬಂಧದ ನಂತರ, ಅಥವಾ ಮುಟ್ಟು ನಿಂತ ಮೇಲೆ ರಕ್ತ ಬೆರೆತ, ಕೆಟ್ಟ ವಾಸನೆಯ ಸ್ರಾವ. ಇದನ್ನ ಒಂದು ಸಲ ಕಂಡರೂ ತೋರಿಸಲೇಬೇಕು.

ಅತ್ತೆ

ನಮ್ಮ ಅಪ್ಪನ ಅಕ್ಕ, ನಮ್ಮನ್ನ ಎತ್ತಿ ಆಡಿಸಿದವರು. ಮುಟ್ಟು ನಿಂತು ಎಷ್ಟೋ ವರ್ಷ ಆದಮೇಲೆ ಅವರಿಗೆ ಹೀಗೇ ಆಗೋಕೆ ಶುರುವಾಯ್ತು. ಒಂದು ವರ್ಷಕ್ಕೂ ಹೆಚ್ಚು ಕಾಲ ಯಾರಿಗೂ ಹೇಳಲಿಲ್ಲ. ಹಳೆ ಸೀರೆ ಹರಿದು ಬಟ್ಟೆ ಮಾಡಿಕೊಂಡು, ಒಗೆದು ಕೊಟ್ಟಿಗೆಯ ಹಿಂದೆ ಯಾರ ಕಣ್ಣಿಗೂ ಬೀಳದ ಹಾಗೆ ಒಣಗಿಸುತ್ತಿದ್ದರು. 'ಉಷ್ಣ' ಅಂತ ಅವರೇ ಸಮಾಧಾನ ಮಾಡಿಕೊಂಡಿದ್ದರು. ಬೆಂಗಳೂರಿಗೆ ಕರೆದುಕೊಂಡು ಹೋಗೋ ಹೊತ್ತಿಗೆ ಗರ್ಭಕಂಠದ ಕ್ಯಾನ್ಸರ್ ಮೂರನೇ ಹಂತ. ಆಗ ನಾನು ಇಂಜಿನಿಯರಿಂಗ್ ಎರಡನೇ ವರ್ಷ. ಪರೀಕ್ಷೆ ಮುಗಿಸಿ ಊರಿಗೆ ಹೋಗುವಷ್ಟರಲ್ಲಿ ಅವರಿರಲಿಲ್ಲ.

ನಮ್ಮ ದೇಶದಲ್ಲಿ ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಹೆಂಗಸರಲ್ಲಿ ಈ ಕ್ಯಾನ್ಸರ್ ಪತ್ತೆಯಾಗುತ್ತದೆ. ಎಚ್‌ಪಿವಿ ವೈರಸ್ಸೇ ಕಾರಣ ಅಂತ ತೋರಿಸಿದ ಹೆರಾಲ್ಡ್ ಝುರ್ ಹೌಸೆನ್‌ಗೆ 2008ರಲ್ಲಿ ನೊಬೆಲ್ ಬಂತು. ಹುಡುಗಿಯರಿಗೆ 9ರಿಂದ 14ರ ವಯಸ್ಸಿನಲ್ಲಿ ಹಾಕಿಸೋ ಲಸಿಕೆ ಇದೆ. 30 ದಾಟಿದವರಿಗೆ ತಪಾಸಣೆ ಇದೆ. ಬೇಗ ಸಿಕ್ಕರೆ ವಾಸಿಯಾಗೋ ಕ್ಯಾನ್ಸರ್ ಇದು. ನಮ್ಮ ಕಂಪನಿ ಇನ್ಶೂರೆನ್ಸ್‌ನಲ್ಲಿ ವರ್ಷಕ್ಕೊಂದು ಹೆಲ್ತ್ ಚೆಕಪ್ ಇದ್ದರೆ, ಅದನ್ನ ಅಮ್ಮನಿಗೂ ಬಳಸಬಹುದಾ ಅಂತ ಎಚ್.ಆರ್.ಗೆ ಒಂದು ಮೇಲ್ ಹಾಕಿ.

ಸೆರಗು ಅಂದರೆ ಮುಚ್ಚಿಕೊಳ್ಳೋ ಬಟ್ಟೆ. ನಾವು ಈ ತೊಂದರೆಗೂ ಅದೇ ಹೆಸರಿಟ್ಟು, ಹೆಸರಿಟ್ಟ ಹಾಗೇ ಮುಚ್ಚಿಕೊಂಡು ಬಂದಿದ್ದೀವಿ.

ತಂಗಿ ವಿಷಯವನ್ನ ಕೊನೆಗೆ ಅಪ್ಪನಿಗೆ ನಾನೇ ಹೇಳಿದೆ. ಫೋನಿನಲ್ಲಿ ಸ್ವಲ್ಪ ಹೊತ್ತು ಮಾತೇ ಇರಲಿಲ್ಲ. ಆಮೇಲೆ ಕೇಳಿದ್ದು ಒಂದೇ ಮಾತು: "ಡಾಕ್ಟ್ರಿಗೆ ತೋರ್ಸಿದ್ರಾ? ಅಕ್ಕ ಹೇಳ್ಲೇ ಇಲ್ಲ ನೋಡು." ಊರಿಗೆ ಬಾ ಅನ್ನಲಿಲ್ಲ. ತಂಗಿ ಇವತ್ತಿಗೂ ಓಲ್ಡ್ ರಾಜಿಂದರ್ ನಗರದಲ್ಲೇ ಓದುತ್ತಿದ್ದಾಳೆ, ಈಗಿನ ರೂಮಿಗೆ ಕಿಟಕಿ ಇದೆ.

ಈ ಭಾನುವಾರ ಊರಿಗೆ ಫೋನ್ ಮಾಡಿದಾಗ, ಊಟ ಆಯ್ತಾ, ಮಳೆ ಬಂತಾ ಅಂತ ಕೇಳಿದ ಮೇಲೆ, ಇದನ್ನೂ ಒಂದು ಮಾತು ಕೇಳಿ. ಮುಂದಿನ ಕಂತಿನಲ್ಲಿ ಸಿಗೋಣ.